ಸಿಯೆನಾದ ಪಾಲಿಯೊ

ಇಟಲಿಯ ಸಿಯೆನಾ ನಗರದ ಮುಖ್ಯ ಚೌಕದಲ್ಲಿ ಪ್ರತಿವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ನಡೆಯುವ ಕುದುರೆ ಓಟ. 'ಕೊಂತ್ರಾದಾ' ಎಂಬ 17 ಕೇರಿಗಳ ಪೈಕಿ ಪ್ರತಿ ಓಟಕ್ಕೆ 10 ಕೇರಿಗಳಿಗೆ ಅವಕಾಶ. ಕುದುರೆಯನ್ನು ಆರಿಸಿಕೊಳ್ಳುವಂತಿಲ್ಲ, ಚೀಟಿ ಎತ್ತಿ ಹಂಚುತ್ತಾರೆ. ಅಲ್ಲಿಂದ ಅದು ಕೇರಿಯ ಕಣ್ಮಣಿ: ಹಗಲಿರುಳು ಕಾವಲು, ಓಟದ ದಿನ ಚರ್ಚಿನೊಳಗೇ ಪಾದ್ರಿಯ ಆಶೀರ್ವಾದ. ಅಲ್ಲಿ ಲದ್ದಿ ಹಾಕಿದರಂತೂ ಶುಭಶಕುನ! ಸವಾರ ಮಾತ್ರ ಬಾಡಿಗೆಯವನು; ಅವನ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಅವನು ಬಿದ್ದರೂ ಮೊದಲು ಗುರಿ ಮುಟ್ಟಿದ ಕುದುರೆ ಗೆದ್ದಂತೆಯೇ.

ಇಷ್ಟೆಲ್ಲ ಅಕ್ಕರೆಯಿದ್ದೂ ಕುದುರೆಗಳು ಸತ್ತಿವೆ. ಕಲ್ಲುಹಾಸಿನ ಮೇಲೆ ಮಣ್ಣು ಹರಡಿದ ಇಳಿಜಾರು ಹಾದಿ, ಜೀನಿಲ್ಲದ ಸವಾರಿ, ಮೂರು ಸುತ್ತು. ಸಾನ್ ಮಾರ್ತಿನೊ ತಿರುವು ಅತ್ಯಂತ ಅಪಾಯಕಾರಿ. ಪ್ರಾಣಿದಯಾ ಸಂಘಟನೆಗಳ ಟೀಕೆ ಬೆಳೆದಂತೆ ತಿರುವಿನ ಗೋಡೆಗೆ ಮೆತ್ತೆ ಬಂತು, ಪಶುವೈದ್ಯರ ತಪಾಸಣೆ ಬಿಗಿಯಾಯಿತು, ಥರೋಬ್ರೆಡ್‌ಗಳ ಬದಲು ಮಿಶ್ರತಳಿಯ ಕುದುರೆಗಳು ಬಂದವು. ಎದುರಾಳಿಗೂ ಬೀಸಬಹುದಾದ ಚಾವಟಿ ಮಾತ್ರ ಉಳಿದಿದೆ. 2018ರ ಅಕ್ಟೋಬರ್‌ನ ವಿಶೇಷ ಓಟದಲ್ಲಿ ಜಿರಾಫೆ ಕೇರಿಯ ರಾವೊಲ್ ಎಂಬ ಕುದುರೆ ಗಾಯಗೊಂಡು ಸತ್ತಿತು. ಹೊರಗಿನವರ ಆಕ್ಷೇಪವನ್ನು ಸಿಯೆನಾದವರು ತಮ್ಮ ಕುಲಾಚಾರದ ಮೇಲಿನ ದಾಳಿಯೆಂದೇ ಬಗೆಯುತ್ತಾರೆ.