ಘಟ್ಟ ಇಳಿದ ‘ಲೈನು’: ವಾಳಪೈ ಕಡೆಯ ಕನ್ನಡದಲ್ಲಿ ಒಂದು ಇಂಗ್ಲಿಷ್ ಪದ

ಗೋವೆಯ ಸತ್ತರಿ ತಾಲ್ಲೂಕಿನ ಮುಖ್ಯ ಪೇಟೆಯಾದ ವಾಳಪೈಗೆ ರೈಲಿಲ್ಲ. 1961ರ ಡಿಸೆಂಬರಿನವರೆಗೆ ಅಲ್ಲಿ ಕಚೇರಿಯ ಭಾಷೆ ಪೋರ್ಚುಗೀಸ್. ಆದರೂ ಚೋರ್ಲಾ ಘಟ್ಟ ಇಳಿದು ಆ ಕಡೆಗೆ ದುಡಿಯಲು ಹೋಗುವ ಬೆಳಗಾವಿ, ಧಾರವಾಡ ಸೀಮೆಯವರ ಬಾಯಲ್ಲಿ ‘ಲೈನು’ ಸಲೀಸಾಗಿ ಓಡಾಡುತ್ತದೆ. ರೇಷನ್ ಅಂಗಡಿ ಮುಂದೆ ‘ಲೈನಿನ್ಯಾಗ ನಿಂದ್ರು’, ಹಟಮಾರಿ ಹುಡುಗ ಹೇಳಿದ ಮಾತು ಕೇಳತೊಡಗಿದರೆ ‘ಈಗ ಲೈನಿಗೆ ಬಂದ’. ಗೌಂಡಿ ಗೋಡೆಯ ಎರಡು ತುದಿಗೆ ದಾರ ಬಿಗಿದು, ಒಂದು ಕಣ್ಣು ಮುಚ್ಚಿ ‘ಲೈನ್’ ನೋಡುತ್ತಾನೆ. ಪದದ ಲ್ಯಾಟಿನ್ ಮೂಲಕ್ಕೆ ಅತಿ ಹತ್ತಿರದ ಬಳಕೆ ಇದೇ: ‘ಲೀನಿಯಾ’ ಎಂದರೆ ಅಗಸೆ ನಾರಿನ ದಾರ.

ಘಟ್ಟದ ಈ ದಾರಿಗಳಲ್ಲಿ ಪದಗಳು ಮೊದಲು ಮೇಲಕ್ಕೆ ಹತ್ತಿದವು. ಮೇಜು, ಚಾವಿ, ಪಗಾರ, ಬಟಾಟಿ ಪೋರ್ಚುಗೀಸರ ನಂಟಿನಿಂದ ನಮಗೆ ದಕ್ಕಿದವು. ‘ಲೈನು’ ಘಟ್ಟದ ಮೇಲೆ ಬೆಳೆದು ಕೆಳಕ್ಕಿಳಿದದ್ದು. ಸಿಪಾಯಿಗಳ ಸಾಲುಮನೆಗಳನ್ನು ಇಂಗ್ಲಿಷರು ಆ ಹೆಸರಿನಿಂದ ಕರೆದರು. ಪೊಲೀಸ್ ಲೈನ್ ಊರೂರಲ್ಲಿ ಉಳಿಯಿತು. ಪೇಡೆಗೆ ಹೆಸರಾದ ಧಾರವಾಡದ ಲೈನ್ ಬಜಾರಿನಲ್ಲೂ ಇದೇ ಪದವಿದೆ.

ಆದರೆ ಅರ್ಥ ನಿಜವಾಗಿ ಹಿಗ್ಗಿದ್ದು ರೈಲಿನಿಂದ ಎಂಬುದು ನನ್ನ ವಾದ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಆ ಕಟ್ಟಡದಲ್ಲಿ ಇಂದು ಕರ್ನಾಟಕ ಕಾಲೇಜಿದೆ. ಕ್ಯಾಸಲ್ ರಾಕ್‌ನಲ್ಲಿ ಈ ಹಳಿ ಗೋವೆಯ ಮುರಗಾಂವ್ ಹಳಿಯನ್ನು ಕೂಡಿತು. ಒಂಟಿ ಹಳಿಯ ಮೇಲೆ ಎದುರುಬದುರು ಎರಡು ಗಾಡಿ ಬರದಂತೆ, ಮುಂದಿನ ನಿಲ್ದಾಣದ ಮಾಸ್ತರು ಒಪ್ಪುವ ತನಕ ಗಾಡಿ ಬಿಡುತ್ತಿರಲಿಲ್ಲ. ಆ ಒಪ್ಪಿಗೆಯೇ ‘ಲೈನ್ ಕ್ಲಿಯರ್’. ಅದರ ಗುರುತಾಗಿ ಬೆತ್ತದ ಬಳೆಗೆ ಕಟ್ಟಿದ ಚೀಲದಲ್ಲಿ ಟೋಕನ್ ಇಟ್ಟು ಡ್ರೈವರನ ಕೈಗೆ ಕೊಡುವ ಪದ್ಧತಿ ಬಹುಕಾಲ ನಡೆಯಿತು. ಹಳಿಯನ್ನೇ ಕಾಣದ ಊರಿನಲ್ಲೂ ಈಗ ಬೀಗರು ಸಂಬಂಧಕ್ಕೆ ಹೂಂ ಅಂದರೆ ‘ಲೈನ್ ಕ್ಲಿಯರ್ ಆತು’ ಎನ್ನುತ್ತಾರೆ. ಬರೀ ಗೆರೆ, ಸಾಲು ಎಂದು ಅರ್ಥ ಕೊಡುವ ಕೋಶ ಈ ಬಳಕೆಯನ್ನು ಹಿಡಿಯಲಾರದು.

ಕೊಡಗಿನ ಕಾಫಿ ತೋಟಗಳ ‘ಲೈನ್ ಮನೆ’ಯ ಕಥೆ ಬೇರೆ. ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಕೋಣೆಗಳಲ್ಲಿ ಕೂಲಿಯವರ ಸಂಸಾರಗಳು. ಮನೆ ತೋಟದ ಒಡೆಯನದು, ಕೆಲಸ ಬಿಟ್ಟರೆ ಸೂರೂ ಹೋಯಿತು. ಕೇರಳದ ಚಹಾ ತೋಟಗಳಲ್ಲಿ ಇದೇ ಪದ ‘ಲಯಂ’ ಆಗಿದೆ. ಇದನ್ನು ‘ಸಾಲುಮನೆ’ ಎಂದು ಕನ್ನಡಿಸಿದರೆ ಆ ಹಂಗಿನ ಬದುಕು ಮರೆಯಾಗುತ್ತದೆ. ಆದ್ದರಿಂದ ಕೋಶಕಾರರು ‘ಲೈನ್ ಮನೆ’ಯನ್ನು ಹಾಗೆಯೇ ದಾಖಲಿಸಬೇಕು.

ವಿದ್ಯುತ್ ಕಂಪನಿಗಳ ನೇಮಕಾತಿ ಪ್ರಕಟಣೆಗಳಲ್ಲಿ ಈಗ ಹುದ್ದೆಯ ಹೆಸರು ‘ಪವರ್‌ಮ್ಯಾನ್’. ಮಳೆಗಾಲದ ರಾತ್ರಿ ತಂತಿ ಹರಿದು ಬಿದ್ದಾಗ ಹಳ್ಳಿಯವರು ಹುಡುಕುವುದು ಮಾತ್ರ ಲೈನ್‌ಮನ್‌ನನ್ನೇ.