ದಾಸೋಹ: ಪಂಕ್ತಿಯಿಂದ ಕ್ಯೂಆರ್ ಕೋಡಿಗೆ

ದಾಸೋಹ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಕ್ಕಿಗೋ ಶಾಲೆಯ ಪುಸ್ತಕಕ್ಕೋ ಹಣ ಕೂಡಿಸುವಾಗ ಕ್ಯೂಆರ್ ಕೋಡಿನ ಕೆಳಗೆ ಬರುವ ಪದ ಇದು. ಮೂಲ ಸಂಸ್ಕೃತದ ‘ದಾಸೋಽಹಂ’, ಎಂದರೆ ನಾನು ದಾಸ. 12ನೇ ಶತಮಾನದ ಶರಣರು ಕಾಯಕದ ಫಲವನ್ನು ಗುರು, ಲಿಂಗ, ಜಂಗಮಕ್ಕೆ ಸಲ್ಲಿಸುವುದನ್ನು ಹೀಗೆಂದರು. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ದಾನದ ಏಣಿ ಇಲ್ಲಿಲ್ಲ. ಆ ಏಣಿ ಇಲ್ಲದಿರುವುದೇ ಪದದ ಜೀವ. ತೆಲುಗಿನ ‘ದಾಸೋಹಂ’ ಇಂದಿಗೂ ಶರಣಾಗತಿಯೇ. ಕನ್ನಡದಲ್ಲಿ ಮಠದ ಊಟವೆಂಬ ಅರ್ಥ ಗಟ್ಟಿಯಾಯಿತು. ‘ತ್ರಿವಿಧ ದಾಸೋಹಿ’ ಎನಿಸಿದ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ (1907–2019) ಅವರಿಂದ ಅನ್ನದ ಜೊತೆ ಅಕ್ಷರ, ಆಶ್ರಯಗಳೂ ಅದರೊಳಗೆ ಬಂದವು. ಹಾಗಾಗಿ ಮೊಬೈಲಿನಲ್ಲಿ ಕಳಿಸುವ ನೂರು ರೂಪಾಯಿಯೂ ದಾಸೋಹವೇ. ಪಡೆದವರ ಮುಖದ ಫೋಟೊ ಹಂಚುವವರು ಮಾತ್ರ ಅದನ್ನು ‘ದೇಣಿಗೆ’ ಎನ್ನಲಿ. ಮರಾಠಿಯ ‘ದೇಣಗಿ’ಗೆ ನಂಟಾದ ಆ ಪದಕ್ಕೆ ಕೊಟ್ಟದ್ದು ಎಂಬುದಷ್ಟೇ ಅರ್ಥ.