ಲೀ: ಅರಸನ ಹೆಸರು, ಆಳಿನ ಹೆಸರು

ಬ್ರೂಸ್ ಲೀಯ ಹೆಸರು ಕೇಳದ ಹುಡುಗರು ನಮ್ಮ ಹಳ್ಳಿಗಳಲ್ಲೂ ಕಡಿಮೆ. ಅಮೆರಿಕದ ಅಂತರ್ಯುದ್ಧದ ಪಾಠ ಓದಿದವರಿಗೆ ಜನರಲ್ ರಾಬರ್ಟ್ ಲೀ ಗೊತ್ತು. ಕೇಳೋಕೆ ಹೆಸರು ಒಂದೇ, ನಂಟು ಮಾತ್ರ ಏನೂ ಇಲ್ಲ. ಚೀನಾದ ಲೀ ಅಂದರೆ ಪ್ಲಮ್ ಹಣ್ಣಿನ ಮರ. ಇಂಗ್ಲೆಂಡಿನ ಲೀ ಅಂದರೆ ಕಾಡಿನ ನಡುವೆ ಮರ ತೆರವಾದ ಬಯಲು.

ಈ ಅರ್ಥಗಳನ್ನು ನಿಘಂಟು ಹೇಳುತ್ತದೆ. ಆ ಹೆಸರನ್ನು ಯಾರು ಇಟ್ಟುಕೊಳ್ಳಬಹುದಿತ್ತು, ಯಾರು ಇಟ್ಟುಕೊಳ್ಳೋ ಹಾಗಿರಲಿಲ್ಲ ಅನ್ನೋದನ್ನು ಹೇಳುವುದಿಲ್ಲ. ನಮಗೆ ಬೇಕಾದದ್ದು ಅದು.

ಚೀನಾದಲ್ಲಿ 618ರಿಂದ 907ರವರೆಗೆ ಆಳಿದ ತಾಂಗ್ ದೊರೆಗಳ ಮನೆತನದ ಹೆಸರು ಲೀ. ದೊರೆ ಮೆಚ್ಚಿದವರಿಗೆ ಈ ಹೆಸರನ್ನೇ ಇನಾಮು ಕೊಡುತ್ತಿದ್ದ. ವಿಯೆಟ್ನಾಮಿನಲ್ಲಿ ಆದದ್ದು ಇದರ ತಿರುವುಮುರುವು. ಅಲ್ಲಿ ಲೀ ಅರಸರನ್ನು ಇಳಿಸಿ ಗದ್ದುಗೆ ಹತ್ತಿದ ಟ್ರಾನ್ ಮನೆತನದವರು, 1232ರಲ್ಲಿ ಲೀಗಳೆಲ್ಲ ನುಯೆನ್ ಅಂತ ಹೆಸರು ಬದಲಿಸಿಕೊಳ್ಳಬೇಕು ಅಂತ ಅಪ್ಪಣೆ ಮಾಡಿದರು. ಕೊಡುವವನೂ ದೊರೆ, ಕಿತ್ತುಕೊಳ್ಳುವವನೂ ದೊರೆ.

ಅಮೆರಿಕದ ಕಥೆ ಬೇರೆ. ಗುಲಾಮಗಿರಿ ಉಳಿಸಿಕೊಳ್ಳಲು ಎದ್ದ ದಕ್ಷಿಣದ ರಾಜ್ಯಗಳ ಸೈನ್ಯ ನಡೆಸಿದವನು ವರ್ಜೀನಿಯಾದ ಈ ರಾಬರ್ಟ್ ಲೀ. ಅವನ ಕಾಲದ, ಅಂದರೆ 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿ ತೆಗೆದು ನೋಡಬೇಕು. ಒಡೆಯನ ಹೆಸರಿದೆ. ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಅಷ್ಟೆ. ದನ ಎಣಿಸಿದ ಹಾಗೆ. 1865ರಲ್ಲಿ ಗುಲಾಮಗಿರಿ ರದ್ದಾದ ಮೇಲೆ, 1870ರ ಗಣತಿಯಲ್ಲಿ ಆ ಜನರಲ್ಲಿ ಬಹುಪಾಲಿನವರ ಹೆಸರು ಮೊದಲ ಸಲ ಕಾಗದದ ಮೇಲೆ ಬಂತು. ಕೆಲವರು ಹಳೆಯ ಒಡೆಯನ ಹೆಸರನ್ನೇ ಹೊತ್ತುಕೊಂಡರು, ಕೆಲವರು ಬೇಕೆಂತಲೇ ಬೇರೆ ಆರಿಸಿಕೊಂಡರು. ಮುಂದೆ ಮಾಲ್ಕಮ್ ಎಕ್ಸ್ 'ಲಿಟ್ಲ್' ಅನ್ನೋ ತನ್ನ ಮನೆಹೆಸರನ್ನು ಕಿತ್ತೆಸೆದದ್ದು ಈ ಸಿಟ್ಟಿನಿಂದಲೇ.

ಆದರೆ ನಮ್ಮ ಓದುಗರು ಗಟ್ಟಿಯಾಗಿ ನಿಂತು ನೋಡಬೇಕಾದ್ದು ಕೊರಿಯಾವನ್ನು.

1392ರಲ್ಲಿ ಅಲ್ಲಿ ಪಟ್ಟಕ್ಕೆ ಬಂದವನು ಲೀ ಸೊಂಗ್‌ಗ್ಯೆ. ಐನೂರಕ್ಕೂ ಹೆಚ್ಚು ವರ್ಷ ಲೀಗಳದೇ ಆಳ್ವಿಕೆ. ಅವರ ರಾಜ್ಯದಲ್ಲಿ ಗುಲಾಮರಿಗೆ ಸಾಮಾನ್ಯವಾಗಿ ಕರೆಯೋಕೊಂದು ಹೆಸರು ಇತ್ತೇ ಹೊರತು ಮನೆಹೆಸರು ಇರಲಿಲ್ಲ. 1801ರಲ್ಲಿ ಸುಮಾರು 66 ಸಾವಿರ ಸರ್ಕಾರಿ ಗುಲಾಮರನ್ನು ಬಿಡುಗಡೆ ಮಾಡಿ ಅವರ ದಫ್ತರುಗಳನ್ನು ಸುಟ್ಟರು. ಗುಲಾಮಗಿರಿ ಪೂರ್ತಿ ರದ್ದಾದದ್ದು 1894ರಲ್ಲಿ. 1909ರ ನೋಂದಣಿ ಕಾಯಿದೆ ಬಂದಾಗ ಎಲ್ಲರೂ ಮನೆಹೆಸರು ಬರೆಸಲೇಬೇಕಾಯಿತು. ಬಿಟ್ಟಾರೆಯೇ ಜನ! ದೊಡ್ಡ ಕುಲಗಳ ಕಿಮ್, ಲೀ, ಪಾರ್ಕ್ ಹೆಸರುಗಳನ್ನೇ ಬರೆಸಿದರು. ವಂಶಾವಳಿಯ ಪುಸ್ತಕಗಳಂತೂ ಅದಕ್ಕೂ ಮೊದಲೇ ದುಡ್ಡಿಗೆ ಬಿಕರಿಯಾಗುತ್ತಿದ್ದವು. 2015ರ ಗಣತಿಯಂತೆ ದಕ್ಷಿಣ ಕೊರಿಯಾದಲ್ಲಿ ಲೀಗಳು 73 ಲಕ್ಷ. ಇಷ್ಟೂ ಜನ ಅರಸು ಸಂತಾನವಂತೆ!

ಹೆಸರು ಸಿಕ್ಕಿತು, ಸರಿ. ಹೊಲಸು ಹೋಯಿತೇ?

ದನ ಕೊಯ್ಯುವ, ಚರ್ಮದ ಕೆಲಸ ಮಾಡುವ ಪೆಕ್‌ಚೊಂಗ್ ಜನ ಅಲ್ಲಿನ ಅಸ್ಪೃಶ್ಯರು. ಅವರ ವಾಸ ಬೇರೆ, ಉಡುಪು ಬೇರೆ. ಪರರ ಮುಂದೆ ತಲೆ ಬಗ್ಗಿಸಿಯೇ ನಡೆಯಬೇಕಿತ್ತು. ಜಪಾನಿನವರ ಆಳ್ವಿಕೆಯಲ್ಲಿ ಇವರಿಗೂ ಮನೆಹೆಸರು ಬರೆಯಲಾಯಿತು, ಪಕ್ಕದಲ್ಲಿ ಕಟುಕ ಅಂತ ಗುರುತೋ ಕೆಂಪು ಚುಕ್ಕೆಯೋ ಬಿತ್ತು. ಅದನ್ನು ನೋಡಿದ ಶಾಲೆಯವರು ಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ. ಮೇಷ್ಟ್ರುಗಳಾಗಿರುವ ನಮ್ಮ ಗೆಳೆಯರಿಗೆ ದಾಖಲಾತಿ ಪುಸ್ತಕದ ಈ ಆಟ ಬಿಡಿಸಿ ಹೇಳಬೇಕಿಲ್ಲ.

ಚಿಂಜು ಪಟ್ಟಣದಲ್ಲಿ ಲೀ ಹಾಕ್‌ಚಾನ್ ಅಂತ ಒಬ್ಬ ಪೆಕ್‌ಚೊಂಗ್. ಕೈಯಲ್ಲಿ ದುಡ್ಡಿತ್ತು, ಹೆಸರಿನಲ್ಲಿ ಅರಸರ ಲೀ ಇತ್ತು. ಆದರೂ ಅವನ ಮಗುವಿಗೆ ಶಾಲೆಯ ಬಾಗಿಲು ತೆರೆಯಲಿಲ್ಲ. ಅವನೂ ಅವನ ಜನರೂ, ಜೊತೆಗೆ ನಿಂತ ಕಾಂಗ್ ಸಾಂಗ್‌ಹೊನಂಥ ಕೆಲವು ಮೇಲ್ವರ್ಗದವರೂ ಸೇರಿ 1923ರ ಏಪ್ರಿಲ್‌ನಲ್ಲಿ ಒಂದು ಸಂಘ ಕಟ್ಟಿದರು. ಮಹಾಡದ ಕೆರೆಯ ನೀರನ್ನು ನಮ್ಮವರು ಮುಟ್ಟುವುದಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. ಸಂಘಕ್ಕೆ ಅವರು ಯಾವ ಕುಲದ ಹೆಸರೂ ಇಡಲಿಲ್ಲ. ಹ್ಯೊಂಗ್‌ಪ್ಯೊಂಗ್‌ಸಾ ಅಂದರು. ಮಾಂಸ ತೂಗುವ ತಕ್ಕಡಿ ಸಮ ನಿಲ್ಲಬೇಕು ಅನ್ನೋರ ಸಂಘ.